ರೂಟರಿನ ತಲೆ ಬದಲಿಸುವ ಮುನ್ನ

ಕಲಬುರಗಿ ಜಿಲ್ಲೆಯ ಶಹಾಬಾದ್, ವಾಡಿ, ಚಿತ್ತಾಪುರದ ಕಡೆ ಹಳೆಯ ಮನೆಗಳಿಗೆ ಕಲ್ಲೇ ಎಲ್ಲವೂ. ನೆಲಕ್ಕೆ ಪರ್ಸಿ, ಗೋಡೆಗೆ ಕಲ್ಲು, ಎಷ್ಟೋ ಕಡೆ ಮಾಳಿಗೆಗೂ ಹಾಸುಗಲ್ಲು. ಗಣಿಯಲ್ಲಿ ಪದರಪದರವಾಗಿ ಏಳುವ ಇದೇ ಸುಣ್ಣಕಲ್ಲು ಸೇಡಂ, ವಾಡಿ, ಮಳಖೇಡದ ಕಾರ್ಖಾನೆಗಳಲ್ಲಿ ಸುಟ್ಟು ಸಿಮೆಂಟಾಗುತ್ತದೆ. ಬೇಸಿಗೆಯಲ್ಲಿ ಮನೆಯನ್ನು ತಂಪಾಗಿಡುವ ದಪ್ಪ ಗೋಡೆ ವೈ-ಫೈಗೆ ಮಾತ್ರ ಕಡುವೈರಿ. ಕೇಬಲ್‌ನವರು ಫೈಬರ್ ತಂದು, ಬಾಗಿಲ ಪಕ್ಕ ಮೊಳೆ ಹೊಡೆದು, ಡಬ್ಬಿ ತೂಗುಹಾಕಿ ಹೋಗಿರುತ್ತಾರೆ. ಪಡಸಾಲೆಯಲ್ಲಿ ಯೂಟ್ಯೂಬ್ ಸರಾಗ, ಒಳಮನೆಯಲ್ಲಿ ವಾಟ್ಸ್ಯಾಪ್ ಕರೆಯೂ ಸಾಗುವುದಿಲ್ಲ. ಅವರಿಗೆ ಫೋನ್ ಮಾಡಿದರೆ ಮಾತುಕತೆ ಹೆಚ್ಚುಕಡಿಮೆ ಒಂದೇ ಥರ.

“ಅಣ್ಣಾರ, ಡಬ್ಬಿ ಮ್ಯಾಲ ಹಸಿರು ಲೈಟ್ ಅದ, ಒಳಗ ನೆಟ್ ಬರ್ಲಕತ್ತಿಲ್ಲ ನೋಡ್ರಿ.”

“ಒಂದ್ಸಲ ಬಂದ್ ಮಾಡಿ ಚಾಲೂ ಮಾಡ್ರಿ.”

ಬಂದ್-ಚಾಲೂ ಮಾಡಿ ಬೇಸತ್ತ ಮನೆಯ ಮಗನೋ ಮಗಳೋ ಒಂದು ದಿನ ‘ಕಸ್ಟಮ್ ಫರ್ಮ್‌ವೇರ್’ ಎಂಬ ಮಾತನ್ನು ಎಲ್ಲಿಂದಲೋ ಹಿಡಿದು ತರುತ್ತಾರೆ. ಕಂಪನಿ ಕೊಟ್ಟ ತಂತ್ರಾಂಶವನ್ನು ಅಳಿಸಿ ಬೇರೆಯದನ್ನು ಹಾಕಿದರೆ ರೂಟರಿಗೆ ಹೊಸ ಜೀವ ಬರುತ್ತದಂತೆ, ಸಿಗ್ನಲ್ ಜೋರಾಗುತ್ತದಂತೆ. ಮೊದಲ ಮಾತಿನಲ್ಲಿ ಸತ್ಯವಿದೆ. ಎರಡನೆಯದರಲ್ಲಿ ಬಹುಪಾಲು ಇಲ್ಲ.

ರೂಟರ್ ಎಂದರೆ ಒಂದು ಪುಟ್ಟ ಕಂಪ್ಯೂಟರ್. ಅದಕ್ಕೊಂದು ಪ್ರೊಸೆಸರ್, ಒಂದಿಷ್ಟು ರ‍್ಯಾಮ್, ಕರೆಂಟ್ ಹೋದರೂ ಅಳಿಯದ ಒಂದು ಫ್ಲ್ಯಾಶ್ ಚಿಪ್. ಆ ಚಿಪ್ಪಿನಲ್ಲಿ ಕೂತ ತಂತ್ರಾಂಶವೇ ಫರ್ಮ್‌ವೇರ್. ಯಾರ ಪ್ಯಾಕೆಟ್ ಯಾವ ಕಡೆ ಹೋಗಬೇಕು, ಯಾರು ಒಳಗೆ ಬರಬಾರದು, ರೇಡಿಯೊ ಯಾವ ಚಾನೆಲ್‌ನಲ್ಲಿ ಕೆಲಸ ಮಾಡಬೇಕು ಎಂಬುದೆಲ್ಲ ಅದರ ತೀರ್ಮಾನ. ಗೋಡೆ ಅದರ ಅಧಿಕಾರದಲ್ಲಿಲ್ಲ. ಸಿಗ್ನಲ್ ಅಳೆಯುವ ಉಚಿತ ಆ್ಯಪ್ ಒಂದನ್ನು ಫೋನಿಗೆ ಹಾಕಿಕೊಂಡು ಪಡಸಾಲೆಯಿಂದ ಒಳಮನೆಗೆ ನಡೆದು ನೋಡಿ. ಹೊರಗೆ ಮೈನಸ್ 50 ಇದ್ದ ಅಂಕಿ ಒಳಗೆ ಮೈನಸ್ 80ಕ್ಕೆ ಇಳಿದರೆ ತಲುಪಿದ್ದು ಸಾವಿರದಲ್ಲೊಂದು ಪಾಲು ಎಂದರ್ಥ. ಈ ಲೆಕ್ಕದಲ್ಲಿ ಪ್ರತಿ 10 ಡೆಸಿಬೆಲ್ ಇಳಿತಕ್ಕೂ ಶಕ್ತಿ ಹತ್ತರಲ್ಲೊಂದಾಗುತ್ತದೆ. 5 ಗಿಗಾಹರ್ಟ್ಸ್‌ನದು ಇನ್ನೂ ಕಷ್ಟ. ವೇಗ ಜಾಸ್ತಿ, ಗೋಡೆ ದಾಟುವ ತಾಕತ್ತು 2.4ಕ್ಕಿಂತ ಕಡಿಮೆ.

ಹೊಸ ಫರ್ಮ್‌ವೇರ್‌ನಲ್ಲಿ ಪ್ರಸಾರದ ಶಕ್ತಿ ಹೆಚ್ಚಿಸಬಹುದಲ್ಲ ಎಂಬ ಪ್ರಶ್ನೆ ಬಂದೇ ಬರುತ್ತದೆ. ಆದರೆ ರೂಟರ್ ಜೋರು ಮಾಡಿದ ಮಾತ್ರಕ್ಕೆ ಫೋನಿನ ಪುಟ್ಟ ಆಂಟೆನಾ ಜೋರಾಗುವುದಿಲ್ಲ. ಪರದೆಯ ಮೇಲೆ ಗೆರೆ ತುಂಬಿರುತ್ತದೆ, ಫೋನ್ ಕೊಡುವ ಉತ್ತರ ರೂಟರಿಗೆ ಮುಟ್ಟುವುದಿಲ್ಲ, ನೆಟ್ ಓಡುವುದಿಲ್ಲ. ಮೇಲಾಗಿ ಲೈಸೆನ್ಸ್ ಬೇಡದ ತರಂಗಗಳಿಗೂ ಮಿತಿ ಉಂಟು. ನಮ್ಮಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿ 2005ರಲ್ಲಿ, 5 ಗಿಗಾಹರ್ಟ್ಸ್‌ನ ದೊಡ್ಡ ಭಾಗ 2018ರಲ್ಲಿ ಲೈಸೆನ್ಸ್ ಮುಕ್ತವಾದವು, ಶಕ್ತಿಯ ಮಿತಿಯನ್ನು ಇಟ್ಟುಕೊಂಡೇ. ಕಲ್ಲಿನ ಮನೆಗೆ ಇರುವ ನಿಜವಾದ ಮದ್ದು ಕಿಟಕಿಯ ಸಂದಿಯಿಂದ ಒಳಮನೆಗೆ ಎಳೆದ ಒಂದು ಈಥರ್ನೆಟ್ ವೈರು, ಅದರ ತುದಿಗೆ ಇನ್ನೊಂದು ಹಳೆಯ ರೂಟರ್. ಆ ಎರಡನೆಯದರಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿಯನ್ನು ಬಂದ್ ಮಾಡಿ, ವೈರನ್ನು ಅದರ ಲ್ಯಾನ್ ಕಿಂಡಿಗೆ ಚುಚ್ಚಬೇಕು. ಕಂಪನಿಯ ಫರ್ಮ್‌ವೇರ್‌ನಲ್ಲೇ ಇಷ್ಟು ಆಗುತ್ತದೆ.

ಫರ್ಮ್‌ವೇರ್ ಮೇಲೆ ಬರುವ ಇನ್ನೊಂದು ಸುಳ್ಳು ಆರೋಪ, ರೂಟರ್ ಮತ್ತೆಮತ್ತೆ ತಾನೇ ರೀಸ್ಟಾರ್ಟ್ ಆಗುವುದು. ಇದೂ ಫರ್ಮ್‌ವೇರ್‌ನ ತಪ್ಪಾಗಿರುವುದು ಅಪರೂಪ. ಮೇ ತಿಂಗಳಲ್ಲಿ ಕಲಬುರಗಿ ಜಿಲ್ಲೆಯ ಬಿಸಿಲು 43 ಡಿಗ್ರಿ ಮುಟ್ಟುವುದು ಹೊಸದಲ್ಲ. ಮಾಳಿಗೆ ಕೆಳಗೆ, ಸಿಮೆಂಟ್ ಧೂಳು ಕೂತ ಡಬ್ಬಿಯೊಳಗೆ ಎಷ್ಟಿರಬೇಡ! ಅಡಾಪ್ಟರ್‌ನಲ್ಲಿರುವ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ನ ಆಯಸ್ಸು ಪ್ರತಿ 10 ಡಿಗ್ರಿ ಏರಿಕೆಗೆ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್‌ನವರ ಹಳೆಯ ಲೆಕ್ಕ. ಕೆಪಾಸಿಟರ್ ಬತ್ತಿದ 12 ವೋಲ್ಟ್ ಅಡಾಪ್ಟರ್ ಸುಮ್ಮನಿದ್ದಾಗ 12 ವೋಲ್ಟೇ ತೋರಿಸುತ್ತದೆ. ನಾಲ್ಕು ಜನ ಒಮ್ಮೆಗೇ ವಿಡಿಯೊ ಹಚ್ಚಿದಾಗ ಕುಸಿಯುತ್ತದೆ. ಅದೇ ವೋಲ್ಟ್, ಅದೇ ಆ್ಯಂಪಿಯರ್ ಅಥವಾ ಹೆಚ್ಚಿನ ಆ್ಯಂಪಿಯರ್ ಇರುವ ಇನ್ನೊಂದು ಅಡಾಪ್ಟರ್ ಹಚ್ಚಿ ನೋಡುವುದು ಮೊದಲ ಪರೀಕ್ಷೆ.

ಹಾಗಾದರೆ ಫರ್ಮ್‌ವೇರ್ ಬದಲಿಸುವುದು ಯಾಕೆ? ನನ್ನ ಮಟ್ಟಿಗೆ ಕಾರಣ ಎರಡೇ: ಸುರಕ್ಷತೆ ಮತ್ತು ಸರದಿ.

ಸುರಕ್ಷತೆಯ ಕತೆ ನಮ್ಮ ರಾಜ್ಯದಲ್ಲೇ ಇದೆ. 2017ರ ಜುಲೈನಲ್ಲಿ ಬಿಎಸ್‌ಎನ್‌ಎಲ್‌ನ ಕರ್ನಾಟಕ ವೃತ್ತದಲ್ಲಿ ಸುಮಾರು 2,000 ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳು ಕುತಂತ್ರಾಂಶದ ದಾಳಿಗೆ ಸಿಕ್ಕವು ಎಂದು ಮೊದಲ ವರದಿಗಳು ಹೇಳಿದವು. ಸಿಕ್ಕಿಬಿದ್ದವು ‘ಅಡ್ಮಿನ್’ ಎಂಬ ಹುಟ್ಟು ಪಾಸ್‌ವರ್ಡನ್ನು ಬದಲಿಸದೆ ಬಿಟ್ಟಿದ್ದ ಮೋಡೆಮ್‌ಗಳು. ಪಾಸ್‌ವರ್ಡ್ ಬದಲಿಸಿ ಎಂದು ಸಂಸ್ಥೆ ಗ್ರಾಹಕರಿಗೆ ಸೂಚನೆ ಕೊಟ್ಟಿತು. ಆ ಕಾಲದಲ್ಲಿ ಹೆಸರಾಗಿದ್ದ ಬ್ರಿಕರ್‌ಬಾಟ್ ಎಂಬ ಕುತಂತ್ರಾಂಶ ಮಾಹಿತಿ ಕದಿಯುವ ಗೋಜಿಗೇ ಹೋಗುತ್ತಿರಲಿಲ್ಲ. ನೇರವಾಗಿ ಫ್ಲ್ಯಾಶ್ ಚಿಪ್ಪನ್ನು ಕೆಡಿಸಿ ಯಂತ್ರವನ್ನೇ ಮಲಗಿಸುತ್ತಿತ್ತು. ಮರುವರ್ಷ ಬಂದ ವಿಪಿಎನ್‌ಫಿಲ್ಟರ್ 54 ದೇಶಗಳಲ್ಲಿ ಕನಿಷ್ಠ 5 ಲಕ್ಷ ರೂಟರ್ ಮತ್ತಿತರ ಯಂತ್ರಗಳಲ್ಲಿ ಬಿಲ ತೋಡಿತ್ತು. ಕಂಪನಿಗಳು ಅಗ್ಗದ ರೂಟರ್‌ಗೆ ಎರಡು-ಮೂರು ವರ್ಷ ತೇಪೆ ಹಚ್ಚಿ ಕೈತೊಳೆದುಕೊಳ್ಳುತ್ತವೆ. ಯಂತ್ರ ಮಾತ್ರ ಹತ್ತು ವರ್ಷ ಗೋಡೆಯ ಮೇಲೆ ಇರುತ್ತದೆ. ಆ ಅಂತರವನ್ನು ತುಂಬುವುದು ಕಸ್ಟಮ್ ಫರ್ಮ್‌ವೇರ್.

ಇದು ಸಾಧ್ಯವಾದದ್ದು ಒಂದು ನೀಲಿ-ಕಪ್ಪು ಡಬ್ಬಿಯಿಂದ. ಲಿಂಕ್‌ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ54ಜಿ 2002ರ ಕೊನೆಗೆ ಮಾರುಕಟ್ಟೆಗೆ ಬಂತು. ಅದರೊಳಗೆ ಓಡುತ್ತಿದ್ದದ್ದು ಲಿನಕ್ಸ್ ಎಂದು 2003ರಲ್ಲಿ ಆಸಕ್ತರು ಪತ್ತೆಹಚ್ಚಿದರು. ಲಿನಕ್ಸ್‌ನ ಜಿಪಿಎಲ್ ಪರವಾನಗಿಯ ಕರಾರು ಸ್ಪಷ್ಟ: ಮಾರಿದವರು ಮೂಲ ಕೋಡನ್ನೂ ಕೊಡಬೇಕು. ಒತ್ತಾಯ ಹೆಚ್ಚಿ ಕೋಡ್ ಹೊರಬಂತು. ಅದನ್ನು ಹಿಡಿದು 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಶುರುವಾಯಿತು. ಆಮೇಲೆ ಡಿಡಿ-ಡಬ್ಲ್ಯುಆರ್‌ಟಿ, ಟೊಮ್ಯಾಟೊ ಬಂದವು. ಕಂಪನಿ ಮಾಡಿದ್ದೇನು ಗೊತ್ತೇ? 2005ರ ಐದನೇ ಆವೃತ್ತಿಯಲ್ಲಿ ಲಿನಕ್ಸ್ ತೆಗೆದು, ಫ್ಲ್ಯಾಶನ್ನು 4 ಎಂಬಿಯಿಂದ 2ಕ್ಕೂ ರ‍್ಯಾಮನ್ನು 16ರಿಂದ 8ಕ್ಕೂ ಇಳಿಸಿತು. ಬೇಡಿಕೆ ತಡೆಯಲಾರದೆ ಹಳೆಯದನ್ನೇ ಡಬ್ಲ್ಯುಆರ್‌ಟಿ54ಜಿಎಲ್ ಎಂದು ಹೊಸ ಹೆಸರಿನಲ್ಲಿ ಮತ್ತೆ ಮಾರಿತು!

ಹೆಸರು ಉಳಿಸಿಕೊಂಡು ಒಳಗಿನದನ್ನು ಬದಲಿಸುವ ಈ ಚಾಳಿ ಇವತ್ತಿಗೂ ಹೋಗಿಲ್ಲ. ಆರಿಸುವವರು ಮೊದಲು ರೂಟರನ್ನು ಮಗುಚಿ ಹಾಕಿ ಬೆನ್ನ ಮೇಲಿನ ಚೀಟಿ ಓದಬೇಕಾದದ್ದು ಇದಕ್ಕೇ. ನಮ್ಮ ಪೇಟೆಗಳಲ್ಲಿ ಧಾರಾಳವಾಗಿ ಮಾರಾಟವಾದ ಟಿಪಿ-ಲಿಂಕ್‌ನ ಡಬ್ಲ್ಯುಆರ್841ಎನ್ ತೆಗೆದುಕೊಳ್ಳಿ. 13ನೇ ಆವೃತ್ತಿಯಲ್ಲಿ 8 ಎಂಬಿ ಫ್ಲ್ಯಾಶ್, 64 ಎಂಬಿ ರ‍್ಯಾಮ್. ಅದರ ಮುಂದಿನ 14ನೆಯದರಲ್ಲಿ 4 ಮತ್ತು 32. ಹೆಸರು ಒಂದೇ, ಹೊರಮೈ ಹೆಚ್ಚುಕಡಿಮೆ ಒಂದೇ. ಓಪನ್‌ಡಬ್ಲ್ಯುಆರ್‌ಟಿ 4/32ರ ಯಂತ್ರಗಳನ್ನು 19.07 ಸರಣಿಯ ನಂತರ ಕೈಬಿಟ್ಟಿತು. ಆ ಸರಣಿಯ ಕೊನೆಯ ತೇಪೆ ಬಂದದ್ದು 2022ರಲ್ಲಿ. 8/64 ಹೇಗೋ ಒದ್ದಾಡಿಕೊಂಡು ನಡೆಯುತ್ತದೆ. ಹೊಸದಾಗಿ ಕೊಳ್ಳುವವರು 16 ಎಂಬಿ ಫ್ಲ್ಯಾಶ್, 128 ಎಂಬಿ ರ‍್ಯಾಮ್‌ಗಿಂತ ಕೆಳಗೆ ನೋಡಲೇಬಾರದು.

ಚಿಪ್ ಯಾರದು ಎಂಬುದೂ ಅಷ್ಟೇ ಮುಖ್ಯ. ಮೀಡಿಯಾಟೆಕ್, ಕ್ವಾಲ್‌ಕಾಮ್ ಅಥೆರಾಸ್‌ಗಳ ವೈ-ಫೈ ಚಿಪ್ಪುಗಳಿಗೆ ಮುಕ್ತ ಡ್ರೈವರ್‌ಗಳಿವೆ, ಓಪನ್‌ಡಬ್ಲ್ಯುಆರ್‌ಟಿ ಅವುಗಳ ಮೇಲೆ ಚೆನ್ನಾಗಿ ಓಡುತ್ತದೆ. ಬ್ರಾಡ್‌ಕಾಮ್ ತನ್ನ ಡ್ರೈವರ್ ಕೊಡುವುದರಲ್ಲಿ ಜಿಪುಣ. ಅಂಥ ಯಂತ್ರಕ್ಕೆ ಡಿಡಿ-ಡಬ್ಲ್ಯುಆರ್‌ಟಿ ಅಥವಾ ಫ್ರೆಶ್‌ಟೊಮ್ಯಾಟೊ ವಾಸಿ. ಅಸೂಸ್‌ನ ಕೆಲವು ಮಾದರಿಗಳಿಗೆ ಮರ್ಲಿನ್ ಇದೆ. ಅದು ಕಂಪನಿಯ ತಂತ್ರಾಂಶವನ್ನೇ ತಿದ್ದಿದ್ದು, ಹೆದರುವವರಿಗೆ ಒಳ್ಳೆಯದು.

ಫೈಬರ್ ಜೊತೆ ಬಂದ ಡಬ್ಬಿಗೆ, ಅಂದರೆ ಒಎನ್‌ಟಿಗೆ, ಮಾತ್ರ ಕೈಹಚ್ಚಬೇಡಿ. ಅದರ ಸೀರಿಯಲ್ ನಂಬರನ್ನು ಗುರುತು ಹಿಡಿದೇ ಆಪರೇಟರ್ ಕಡೆಯ ಯಂತ್ರ ನಿಮ್ಮ ಮನೆಗೆ ಸಂಪರ್ಕ ಕೊಡುವುದು. ಕೇಬಲ್‌ನವರಿಗೆ ಹೇಳಿ ಅದನ್ನು ಬರೀ ಸಂಪರ್ಕ ದಾಟಿಸುವ ಬ್ರಿಜ್ ಮೋಡ್‌ಗೆ ಹಾಕಿಸಿಕೊಂಡು, ಪಿಪಿಪಿಒಇ ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಬರೆಸಿಕೊಂಡು, ನಿಮ್ಮ ರೂಟರನ್ನು ಅದರ ಹಿಂದೆ ಹಚ್ಚಿ. ಚಿಂಚೋಳಿಯ ಕಾಡಂಚಿನ ತಾಂಡಾಗಳಂಥ ಕಡೆ ಫೈಬರ್ ಇಲ್ಲದಿದ್ದರೆ, ಯುಎಸ್‌ಬಿ ಕಿಂಡಿ ಇರುವ ರೂಟರಿಗೆ ಸಿಮ್ ಡಾಂಗಲ್ ಚುಚ್ಚಿ ಓಪನ್‌ಡಬ್ಲ್ಯುಆರ್‌ಟಿಯಿಂದ ಮನೆಗೆಲ್ಲ ನೆಟ್ ಹಂಚಬಹುದು.

ಹಾಕುವ ಹೊತ್ತಿನ ದೊಡ್ಡ ಶತ್ರು ಕರೆಂಟ್. ಫ್ಲ್ಯಾಶ್ ಅಳಿಸಿ ಹೊಸದನ್ನು ಬರೆಯುವ ಎರಡು-ಮೂರು ನಿಮಿಷದಲ್ಲಿ ಲೈಟ್ ಹೋದರೆ ಅರ್ಧ ಬರೆದ ತಲೆ ಉಳಿಯುತ್ತದೆ. ಅಂಗಡಿಯಲ್ಲಿ ಸಿಗುವ 12 ವೋಲ್ಟ್‌ನ ಮಿನಿ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೂರಬಾರದು. ವೈ-ಫೈ ಮೇಲೆ ಹಾಕದೆ ವೈರಿನಲ್ಲೇ ಹಾಕಬೇಕು. ಕಂಪನಿಯದನ್ನು ಮೊದಲ ಸಲ ಬದಲಿಸಲು ‘ಫ್ಯಾಕ್ಟರಿ’ ಎಂಬ ಕಡತ, ಓಪನ್‌ಡಬ್ಲ್ಯುಆರ್‌ಟಿ ಆದಮೇಲೆ ಮುಂದಿನ ಆವೃತ್ತಿಗೆ ‘ಸಿಸ್‌ಅಪ್‌ಗ್ರೇಡ್’ ಎಂಬ ಕಡತ. ಇಳಿಸಿಕೊಂಡ ಕಡತದ ಎಸ್‌ಎಚ್‌ಎ-256 ಮೊತ್ತ ತಾಳೆ ನೋಡುವುದು ಅರ್ಧ ನಿಮಿಷದ ಕೆಲಸ. ಸಿಗ್ನಲ್ ಕುಂಟುವ ಊರಲ್ಲಿ ಕಡತ ಅರ್ಧಕ್ಕೇ ಇಳಿದಿರುವುದುಂಟು.

ಹಾಕಿದ ಕೂಡಲೇ ಗಾಬರಿ ಹುಟ್ಟಿಸುವ ಸಂಗತಿ, ವೈ-ಫೈ ಮಾಯ! ಏನೂ ಕೆಟ್ಟಿಲ್ಲ. ಪಾಸ್‌ವರ್ಡ್ ಇಲ್ಲದ ರೇಡಿಯೊ ತೆರೆದಿಡಬಾರದೆಂದು ಓಪನ್‌ಡಬ್ಲ್ಯುಆರ್‌ಟಿ ಬಹಳ ಯಂತ್ರಗಳಲ್ಲಿ ಅದನ್ನು ಬಂದ್ ಮಾಡಿಯೇ ಇಟ್ಟಿರುತ್ತದೆ. ವೈರಿನಲ್ಲಿ 192.168.1.1ಕ್ಕೆ ಹೋಗಿ ಪಾಸ್‌ವರ್ಡ್ ಕೊಟ್ಟು, ದೇಶ ‘ಇಂಡಿಯಾ’ ಎಂದು ಆರಿಸಿ, ರೇಡಿಯೊ ಚಾಲೂ ಮಾಡಬೇಕು. 5 ಗಿಗಾಹರ್ಟ್ಸ್‌ನ ಕೆಲವು ಚಾನೆಲ್‌ಗಳಲ್ಲಿ ರೇಡಾರ್ ಇದೆಯೇ ಎಂದು ಒಂದು ನಿಮಿಷ ಕಿವಿಗೊಟ್ಟ ಮೇಲೇ ಪ್ರಸಾರ ಶುರುವಾಗುತ್ತದೆ. ಅಷ್ಟರಲ್ಲಿ ಬಂದ್-ಚಾಲೂ ಮಾಡಿದರೆ ಆ ನಿಮಿಷ ಮತ್ತೆ ಮೊದಲಿಂದ.

ಇನ್ನೊಂದು ಕಾಟ ವಿಳಾಸದ್ದು. ಒಎನ್‌ಟಿ ಬ್ರಿಜ್ ಆಗದಿದ್ದರೆ ಅದರ ವಿಳಾಸವೂ ಬಹಳ ಸಲ 192.168.1.1. ಎರಡೂ ಕಡೆ ಒಂದೇ ಮನೆ ನಂಬರ್ ಇದ್ದರೆ ಪ್ಯಾಕೆಟ್ ಎತ್ತ ಹೋಗಬೇಕು? ನಿಮ್ಮದನ್ನು 192.168.2.1 ಮಾಡಿದರೆ ಮುಗಿಯಿತು. ಗೂಗಲ್ ತೆರೆಯುತ್ತದೆ, ಬ್ಯಾಂಕಿನ ಪುಟ ಸುತ್ತುತ್ತಲೇ ಇರುತ್ತದೆ ಎಂದರೆ ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ, ನೋಡಿ. ಪಿಪಿಪಿಒಇ ತನ್ನ 8 ಬೈಟ್‌ಗಳನ್ನು ಸೇರಿಸುವುದರಿಂದ 1500ರ ಬದಲು 1492 ಇರಬೇಕು.

ನಿಜಕ್ಕೂ ಕೆಟ್ಟುಹೋದರೂ ದಾರಿ ಉಂಟು. ಬಹಳ ಯಂತ್ರಗಳಲ್ಲಿ ಬೂಟ್‌ಲೋಡರ್ ಬೇರೆಯೇ ಜಾಗದಲ್ಲಿ ಬದುಕಿರುತ್ತದೆ. ಟಿಪಿ-ಲಿಂಕ್‌ನ ಎಷ್ಟೋ ಮಾದರಿಗಳಲ್ಲಿ ರೀಸೆಟ್ ಒತ್ತಿ ಹಿಡಿದು ಚಾಲೂ ಮಾಡಿದರೆ ಅದು 192.168.0.66 ಎಂಬ ವಿಳಾಸದ ಕಂಪ್ಯೂಟರನ್ನು ಹುಡುಕಿ ಟಿಎಫ್‌ಟಿಪಿ ಮೂಲಕ ಕಡತ ಕೇಳುತ್ತದೆ. ಅದೂ ಆಗದಿದ್ದರೆ ಡಬ್ಬಿ ಬಿಚ್ಚಿ 3.3 ವೋಲ್ಟ್‌ನ ಸೀರಿಯಲ್ ವೈರು ಹಚ್ಚಬೇಕು. ಬೆಸುಗೆ ಹಾಕಲು ಬರುವ ಮೊಬೈಲ್ ರಿಪೇರಿಯವರ ನೆರವು ಬೇಕಾಗಬಹುದು.

ಈಗ ಸರದಿಯ ಮಾತು. ಕಸ್ಟಮ್ ಫರ್ಮ್‌ವೇರ್‌ನ ನಿಜವಾದ ಸೊಗಸು ಇರುವುದು ಇಲ್ಲಿ, ಮತ್ತು ಇದನ್ನು ಬಳಸುವವರೇ ಕಡಿಮೆ. ಲ್ಯಾಪ್‌ಟಾಪಿನಲ್ಲಿ 8.8.8.8ಕ್ಕೆ ಪಿಂಗ್ ಹಚ್ಚಿ ಬಿಡಿ. ಮನೆಯಲ್ಲಿ ಯಾರೂ ಏನೂ ಮಾಡದಿದ್ದಾಗ ಉತ್ತರ 20-30 ಮಿಲಿಸೆಕೆಂಡಿಗೆ ಬರುತ್ತದೆ ಎನ್ನೋಣ. ಈಗ ಇನ್ನೊಂದು ಫೋನಿನಿಂದ ದೊಡ್ಡ ವಿಡಿಯೊ ಅಪ್‌ಲೋಡ್ ಮಾಡಿ. ಅಂಕಿ 300, 500 ದಾಟಿದರೆ ನಿಮ್ಮ ಮನೆಗೂ ಬಫರ್‌ಬ್ಲೋಟ್ ರೋಗ ಇದೆ. ರೂಟರ್, ಮೋಡೆಮ್‌ಗಳ ಒಳಗಿನ ಮೆಮೊರಿ ವಿಪರೀತ ದೊಡ್ಡದಾಗಿ, ಪ್ಯಾಕೆಟ್‌ಗಳು ಬಿಸಾಡಿಸಿಕೊಳ್ಳದೆ ಸಾಲುಗಟ್ಟಿ ಕಾಯುತ್ತವೆ. ವಾಡಿ ಜಂಕ್ಷನ್ನಿನಲ್ಲಿ ಸಿಮೆಂಟ್ ತುಂಬಿದ ಉದ್ದನೆಯ ಗೂಡ್ಸ್‌ನ ಹಿಂದೆ ಪ್ಯಾಸೆಂಜರ್ ನಿಂತ ಹಾಗೆ, ಆನ್‌ಲೈನ್ ಕ್ಲಾಸಿನ ಚಿಕ್ಕ ಪ್ಯಾಕೆಟ್ ಆ ಸಾಲಿನ ಬಾಲಕ್ಕೆ ಸಿಕ್ಕಿಹಾಕಿಕೊಳ್ಳುತ್ತದೆ. ಕ್ಯಾಥ್ಲೀನ್ ನಿಕಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ 2012ರಲ್ಲಿ ಪ್ರಕಟಿಸಿದ ಕೋಡೆಲ್ ವಿಧಾನ ಸಾಲಿನ ಉದ್ದ ನೋಡುವುದಿಲ್ಲ, ಪ್ಯಾಕೆಟ್ ಎಷ್ಟು ಹೊತ್ತು ಕಾದಿತು ಎಂದು ನೋಡುತ್ತದೆ. ಅದರ ಮುಂದಿನ ರೂಪಗಳಾದ ಎಫ್‌ಕ್ಯು-ಕೋಡೆಲ್ ಮತ್ತು ಕೇಕ್ ಒಂದೊಂದು ಸಂಪರ್ಕಕ್ಕೂ ಬೇರೆಬೇರೆ ಸಾಲು ಕೊಡುತ್ತವೆ. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಎಸ್‌ಕ್ಯುಎಮ್ ಎಂಬ ಪ್ಯಾಕೇಜ್ ಹಾಕಿಕೊಂಡರೆ ಇವೆಲ್ಲ ಕೈಗೆ ಸಿಗುತ್ತವೆ.

ಒಂದು ಷರತ್ತಿದೆ. ಸಾಲು ಆಪರೇಟರ್‌ನ ಯಂತ್ರದಲ್ಲಿ ಕಟ್ಟದೆ ನಿಮ್ಮ ರೂಟರಿನಲ್ಲೇ ಕಟ್ಟಬೇಕಾದರೆ, ವೇಗವನ್ನು ನಿಜವಾಗಿ ಸಿಗುವುದರ ಶೇ. 85-95ಕ್ಕೆ ನೀವೇ ಇಳಿಸಿಕೊಳ್ಳಬೇಕು. ಸಂಜೆ ಓಣಿಯವರೆಲ್ಲ ನೋಡಲು ಕೂತಾಗ ವೇಗ ಕುಗ್ಗುವ ಲೈನ್ ಇದ್ದರೆ ಬೆಳಗಿನ ಅಂಕಿ ನಂಬಬೇಡಿ, ಸಂಜೆ ಎಂಟಕ್ಕೆ ಅಳೆದದ್ದರ ಮೇಲೆ ಲೆಕ್ಕ ಹಾಕಿ. ಈ ಲೆಕ್ಕಾಚಾರಕ್ಕೆ ಪ್ರೊಸೆಸರ್ ಬೆವರುತ್ತದೆ. ಹಳೆಯ ಒಂಟಿ ಕೋರಿನ ರೂಟರ್ 100 ಎಂಬಿಪಿಎಸ್ ಲೈನಿನಲ್ಲೇ ತಿಣುಕಬಹುದು. ನೂರರ ಪ್ಲಾನ್‌ಗೆ ದುಡ್ಡು ಕಟ್ಟಿದ ಯಜಮಾನರಿಗೆ ಸ್ಪೀಡ್ ಟೆಸ್ಟ್‌ನಲ್ಲಿ ತೊಂಬತ್ತು ತೋರಿಸಿ ಒಪ್ಪಿಸುವುದು ಇದರಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ. ಅಪ್‌ಲೋಡ್ ನಡೆಯುತ್ತಿರುವಾಗಲೇ ಪಿಂಗ್ ಮತ್ತೆ ಹಚ್ಚಿ ಆ ಅಂಕಿಯನ್ನೂ ಪಕ್ಕದಲ್ಲಿಟ್ಟು ತೋರಿಸಿ.