ಹಿಂದಿನ ಸೀಟಿನ ಸ್ಪೀಕರ್ ಯಾರಿಗಾಗಿ?

ಹೊಸ ಕಾರು ಮನೆಗೆ ಬಂದ ವಾರದೊಳಗೆ ಮನೆಮಂದಿಯ ನಡುವೆ ಎರಡು ಚರ್ಚೆಗಳು ಏಳುತ್ತವೆ. ಒಂದು ಸೀಟ್ ಕವರಿನದ್ದು, ಇನ್ನೊಂದು ಮ್ಯೂಸಿಕ್ ಸಿಸ್ಟಮ್‌ನದ್ದು. ಕಡಿಮೆ ಬೆಲೆಯ ಮಾದರಿಗಳಲ್ಲಿ ಎಷ್ಟೋ ಸಲ ಮ್ಯೂಸಿಕ್ ಸೆಟ್ಟೇ ಇರುವುದಿಲ್ಲ. ಇದ್ದರೂ ಮುಂದಿನ ಬಾಗಿಲುಗಳಲ್ಲಿ ಎರಡು ಸ್ಪೀಕರ್ ಮಾತ್ರ. ಹಿಂದಿನ ಬಾಗಿಲಲ್ಲಿ ಸ್ಪೀಕರ್ ಕೂರಿಸುವ ಜಾಗ ಖಾಲಿಯಾಗಿಯೇ ಇರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿದರೂ ಸರಿ, ನಿಮ್ಮೂರಿನ ಅಂಗಡಿಯಲ್ಲಿ ಕೇಳಿದರೂ ಸರಿ, ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ. “ಹಿಂದೆ ಎರಡು ಹಾಕಿಸಿಬಿಡಿ ಸಾರ್, ಇಲ್ಲದಿದ್ರೆ ಎಫೆಕ್ಟ್ ಬರೋದಿಲ್ಲ.” ಕಾರಿನ ಸಂಗೀತದ ಗೀಳು ಹಚ್ಚಿಕೊಂಡವರನ್ನು ಕೇಳಿ ನೋಡಿ, ಉತ್ತರ ತದ್ವಿರುದ್ಧ. “ಹಿಂದೆ ಸ್ಪೀಕರೇ ಬೇಡ, ಆ ದುಡ್ಡನ್ನೂ ಮುಂದಿನದಕ್ಕೇ ಹಾಕಿ.” ಇಬ್ಬರೂ ಕೇಳದೆ ಬಿಡುವ ಪ್ರಶ್ನೆಯೊಂದಿದೆ. ನಿಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಯಾರು ಕೂರುತ್ತಾರೆ?

ಗೀಳಿನವರ ವಾದದಲ್ಲಿ ಹುರುಳಿದೆ, ಅದನ್ನು ಮೊದಲು ನೋಡೋಣ. ನಾವು ಕೇಳುವ ಹಾಡುಗಳು ಬಹುತೇಕ ಎರಡೇ ಚಾನೆಲ್‌ಗಳಲ್ಲಿ ಮುದ್ರಣಗೊಂಡಿರುತ್ತವೆ, ಎಡಕ್ಕೊಂದು, ಬಲಕ್ಕೊಂದು. ಬ್ರಿಟನ್ನಿನ ಇಂಜಿನಿಯರ್ ಅಲನ್ ಬ್ಲಮ್‌ಲೈನ್ 1931ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಸ್ಟೀರಿಯೋ ವಿಧಾನ ಇದು. ಗಾಯಕ ನಮ್ಮ ಎದುರಿಗೇ ನಿಂತು ಹಾಡುತ್ತಿದ್ದಾನೆ ಎಂಬ ಭ್ರಮೆ ಹುಟ್ಟಿಸುವುದೇ ಅದರ ಗುಟ್ಟು. ಎದುರಿಗೆ, ಬೆನ್ನ ಹಿಂದೆ ಅಲ್ಲ. ಕಾರಿನ ಹಿಂದಿನ ಸ್ಪೀಕರ್‌ಗಳು ಹೊಸದೇನನ್ನೂ ಹೇಳುವುದಿಲ್ಲ. ಮುಂದಿನವು ಹೇಳಿದ್ದನ್ನೇ ಇನ್ನೊಮ್ಮೆ ಹೇಳುತ್ತವೆ. 2024ರ ಕೊನೆಗೆ ಮಹೀಂದ್ರಾ ಪರಿಚಯಿಸಿದ ವಿದ್ಯುತ್ ಕಾರುಗಳಂತೆ 16 ಸ್ಪೀಕರ್‌ಗಳ ಡಾಲ್ಬಿ ಅಟ್ಮಾಸ್ ವ್ಯವಸ್ಥೆಯಿದ್ದರೆ ಆ ಮಾತು ಬೇರೆ. ಅಲ್ಲಿ ಹಿಂದಿನ ಸ್ಪೀಕರ್‌ಗೂ ಪ್ರತ್ಯೇಕ ಕೆಲಸವಿದೆ. ನಮ್ಮ ನಿಮ್ಮ ಮನೆಯ ಸಣ್ಣ ಕಾರಿಗೆ ಆ ಲೆಕ್ಕ ಅನ್ವಯಿಸುವುದಿಲ್ಲ.

ಒಂದೇ ಸದ್ದು ಎರಡು ಕಡೆಯಿಂದ ಬಂದಾಗ ಕಿವಿ ಏನು ಮಾಡುತ್ತದೆ? ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲಿ ತಮ್ಮ ಸಂಶೋಧನಾ ಪ್ರಬಂಧದಲ್ಲಿ ಇದನ್ನು ವಿವರಿಸಿದರು. ಮೊದಲು ತಲುಪಿದ ಸದ್ದು ಯಾವ ದಿಕ್ಕಿನದೋ ಆ ದಿಕ್ಕಿನಿಂದಲೇ ಎಲ್ಲವೂ ಬರುತ್ತಿದೆ ಎಂದು ನಮಗೆ ತೋರುತ್ತದೆ. ಕೆಲವೇ ಮಿಲಿಸೆಕೆಂಡ್ ತಡವಾಗಿ ಬಂದದ್ದು ಅದರಲ್ಲಿ ಬೆರೆತುಹೋಗುತ್ತದೆ. ಸದ್ದು ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಸಾಕು. ಕಾರಿನಂತಹ ಪುಟ್ಟ ಪೆಟ್ಟಿಗೆಯಲ್ಲಿ ಮುಂದಿನ ಮತ್ತು ಹಿಂದಿನ ಸ್ಪೀಕರ್‌ಗಳ ಸದ್ದು ಚಾಲಕನನ್ನು ಹೆಚ್ಚುಕಡಿಮೆ ಒಟ್ಟಿಗೇ ತಲುಪುತ್ತದೆ. ಎರಡೂ ಸಮ ಜೋರಿದ್ದರೆ ಹಾಡು ಎದುರಿನಿಂದಲೂ ಅಲ್ಲ, ಹಿಂದಿನಿಂದಲೂ ಅಲ್ಲ ಎನ್ನುವಂತೆ ಕಲಸಿಹೋಗುತ್ತದೆ. ವಾರ್ತೆಯನ್ನೋ ಭಾಷಣವನ್ನೋ ಹಾಕಿದರೆ ಮಾತಿನ ಸ್ಪಷ್ಟತೆ ಕೆಡುವುದು ಇನ್ನೂ ಬೇಗ ಗೊತ್ತಾಗುತ್ತದೆ. ಅಂಗಡಿಯವರು ‘ಎಫೆಕ್ಟ್’ ಎನ್ನುವುದು ಬಹಳ ಸಲ ಇದನ್ನೇ.

ಗಲ್ಫ್‌ನಲ್ಲಿರುವ ಅಣ್ಣನೋ ಬಾವನೋ ಅಲ್ಲಿ ಬಳಸಿದ ಒಳ್ಳೆಯ ಸೆಟ್ ತಂದುಕೊಟ್ಟಿದ್ದರೆ ಒಂದು ವಿಷಯ ನೋಡಿಕೊಳ್ಳಿ. ಅಲ್ಲಿ ಸ್ಟೀರಿಂಗ್ ಎಡಕ್ಕಿರುತ್ತದೆ. ಪ್ರತಿ ಸ್ಪೀಕರಿನ ಸದ್ದನ್ನು ಇಷ್ಟಿಷ್ಟು ತಡಮಾಡುವ ಸೌಲಭ್ಯ ಆ ಸೆಟ್‌ನಲ್ಲಿದ್ದರೆ, ಅದನ್ನು ಎಡ ಸೀಟಿಗೆ ಹೊಂದಿಸಿರುತ್ತಾರೆ. ಇಲ್ಲಿ ಬಲ ಸೀಟಿಗೆ ಬದಲಿಸಿಕೊಳ್ಳಬೇಕು.

ದುಡ್ಡಿನ ಮಟ್ಟಿಗೂ ಗೀಳಿನವರ ಮಾತೇ ಸರಿ. ಪೆಟ್ಟಿಗೆಯ ಮೇಲೆ 50 ವಾಟ್, ನಾಲ್ಕು ಚಾನೆಲ್ ಎಂದು ದೊಡ್ಡದಾಗಿ ಬರೆದಿರುತ್ತಾರೆ. ಅದು ಗರಿಷ್ಠ ಲೆಕ್ಕ. ಆಂಪ್ಲಿಫಯರ್ ಇಲ್ಲದ ಸಾಮಾನ್ಯ ಸೆಟ್ ಒಂದು ಚಾನೆಲ್‌ಗೆ ಸತತವಾಗಿ, ಸದ್ದು ಒಡೆಯದಂತೆ ಕೊಡುವುದು 20 ವಾಟ್ ಆಸುಪಾಸು ಅಷ್ಟೆ. ಸ್ಪೀಕರ್ ಎರಡಿದ್ದದ್ದು ನಾಲ್ಕಾದರೆ ಸದ್ದು ಎರಡು ಪಟ್ಟು ಜೋರಾಗಿ ಕೇಳುವುದೂ ಇಲ್ಲ. ವಿದ್ಯುತ್ ಶಕ್ತಿ ಇಮ್ಮಡಿಯಾದರೆ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಇಮ್ಮಡಿ ಎನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು. ಅದರ ಬದಲು ಮುಂದಿನ ಬಾಗಿಲುಗಳಿಗೆ ಒಳ್ಳೆಯ ಜೋಡಿ ಹಾಕಿಸಿ, ಬಾಗಿಲ ಒಳತಗಡಿನ ತೂತುಗಳನ್ನು ಡ್ಯಾಂಪಿಂಗ್ ಶೀಟ್‌ನಿಂದ ಮುಚ್ಚಿಸಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಸ್ಪೀಕರಿನ ಬೆನ್ನ ಕಡೆಯ ಸದ್ದು ತೂತುಗಳಿಂದ ನುಸುಳಿ ಬಂದು ಮುಂದಿನ ಸದ್ದಿನ ಬೇಸನ್ನು ತಿಂದುಹಾಕುತ್ತದೆ, ಅದು ನಿಲ್ಲುತ್ತದೆ.

ಹಾಗಾದರೆ ಹಿಂದಿನ ಸ್ಪೀಕರ್ ಬೇಡವೇ ಬೇಡ ಎನ್ನೋಣವೇ? ಒಬ್ಬರೇ ಓಡಿಸುವ ಕಾರಾದರೆ ಹೌದು, ಖಂಡಿತ ಬೇಡ. ಆದರೆ ಸಂಸಾರದ ಕಾರು ಅಂಥದ್ದಲ್ಲ.

ಗುಂಡಿ ಮುಂದಿನವರ ಕೈಯಲ್ಲಿ

ನಮ್ಮ ಮನೆಗಳ ಕಾರಿನಲ್ಲಿ ಹಿಂದೆ ಕೂರುವವರು ತಾಯಂದಿರು, ಮಕ್ಕಳು, ವಯಸ್ಸಾದ ಅಜ್ಜಿ. ವಾಲ್ಯೂಮ್ ಗುಂಡಿ ಇರುವುದು ಮುಂದೆ. ತನ್ನ ಕಿವಿಗೆ ಹಿತವಾಗುವಷ್ಟು ಮುಂದಿನವರು ಇಡುತ್ತಾರೆ, ಹಿಂದೆ ಅದು ಎಷ್ಟಿದೆ ಎಂಬುದು ಅವರಿಗೆ ತಿಳಿಯುವುದೇ ಇಲ್ಲ. ಹಿಂದೆ ಸ್ಪೀಕರ್ ಇಲ್ಲದಿದ್ದರೆ “ನಮಗೆ ಕೇಳಿಸ್ತಾ ಇಲ್ಲ” ಎಂದು ಮಕ್ಕಳು ಕೂಗುತ್ತಾರೆ, ಮುಂದಿನವು ಅಬ್ಬರಿಸತೊಡಗುತ್ತವೆ, ಚಾಲಕನಿಗೆ ಆಂಬ್ಯುಲೆನ್ಸಿನ ಸೈರನ್ ಕೂಡ ಕೇಳಿಸದು. ಹಿಂದೆ ದೊಡ್ಡದನ್ನು ಹಾಕಿಸಿದರೆ ತೊಂದರೆ ಉಲ್ಟಾ. ಪಾರ್ಸೆಲ್ ಟ್ರೇ ಮೇಲೆ ಕೂರಿಸುವ ಆರು ಬೈ ಒಂಬತ್ತು ಇಂಚಿನ ಸ್ಪೀಕರ್‌ಗೂ ಸೀಟಿಗೆ ಒರಗಿದ ಮಗುವಿನ ಕಿವಿಗೂ ನಡುವೆ ಒಂದು ಮೊಳದ ಅಂತರವೂ ಇರುವುದಿಲ್ಲ.

ಎಳೆಯ ಕಿವಿಯ ವಿಷಯ ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ. ಒಳಗಿವಿಯಲ್ಲಿ ಸದ್ದನ್ನು ಗ್ರಹಿಸುವ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮೊಬೈಲ್‌ನಂತಹ ಸಾಧನಗಳಲ್ಲಿ ಹಾಡು ಕೇಳುವವರಿಗಾಗಿ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರತಂದ ಮಾನದಂಡದ ಪ್ರಕಾರ, ದೊಡ್ಡವರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್ ಮಿತಿಯಾದರೆ, ಮಕ್ಕಳಂತಹ ಸೂಕ್ಷ್ಮ ಕಿವಿಯವರಿಗೆ ಅಷ್ಟೇ ಹೊತ್ತಿಗೆ 75. ಸದ್ದು 3 ಡೆಸಿಬೆಲ್ ಏರಿದಂತೆಲ್ಲ ಕೇಳಬಹುದಾದ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ಕಾರಿನಲ್ಲಿ ಹಾಡು ಕೇಳುವಾಗಲೂ ಈ ಲೆಕ್ಕ ದಾರಿ ತೋರಿಸುತ್ತದೆ. ಹೆದ್ದಾರಿಯ ವೇಗದಲ್ಲಿ ಟೈರು, ಗಾಳಿಯ ಸದ್ದೇ ಸಣ್ಣ ಕಾರಿನೊಳಗೆ 70 ಡೆಸಿಬೆಲ್ ಸುತ್ತಮುತ್ತ ಇರುತ್ತದೆ. ಅದನ್ನು ಮೀರಿಸಲು ಗುಂಡಿ ತಿರುಗಿಸುತ್ತೇವೆ. ಟೋಲ್ ಗೇಟಿನಲ್ಲಿ ಕಾರು ನಿಂತಾಗ ಒಮ್ಮೆಲೇ “ಅಬ್ಬಾ, ಇಷ್ಟು ಜೋರಿತ್ತೇ!” ಎನಿಸುವುದು ಅದಕ್ಕೇ.

ಆದ್ದರಿಂದ ಸಂಸಾರದ ಕಾರಿಗೆ ಹಿಂದೆ ಸ್ಪೀಕರ್ ಇರಲಿ, ಸಣ್ಣದಿರಲಿ, ಬಾಗಿಲಲ್ಲಿರಲಿ, ಮೆಲ್ಲಗಿರಲಿ. ಹೀಗಿದ್ದರೆ ಹಿಂದಿನವರಿಗೆ ಕೇಳಿಸಲು ಮುಂದಿನವನ್ನು ಏರಿಸಬೇಕಾಗಿಲ್ಲ, ಒಟ್ಟು ಸದ್ದು ಕಡಿಮೆಯಾಗುತ್ತದೆ. ಹಿಂದಿನದಕ್ಕೆ ದುಬಾರಿ ಜೋಡಿಯೇನೂ ಬೇಕಾಗಿಲ್ಲ. ಮುಂದಿನದನ್ನು ಬದಲಿಸುವಾಗ ಕಂಪನಿಯ ಹಳೆಯ ಜೋಡಿ ಕೈಗೆ ಬರುತ್ತದಲ್ಲ, ಅಳತೆ ಹೊಂದಿದರೆ ಅದನ್ನೇ ಹಿಂದೆ ಕೂರಿಸಿ ಎಂದು ಹೇಳಿ. ಅಂಗಡಿಯವರ ಮುಖ ಸ್ವಲ್ಪ ಸಪ್ಪಗಾಗಬಹುದು, ಇರಲಿ.

ಮುಂದೆ ಹಿಂದೆ ಸದ್ದನ್ನು ಹಂಚುವ ಫೇಡರ್ ಎಂಬ ಸೌಲಭ್ಯ ನಾಲ್ಕು ಸ್ಪೀಕರ್‌ಗಳ ಸೆಟ್‌ಗಳಲ್ಲಿ ಇದ್ದೇ ಇರುತ್ತದೆ. ಅದನ್ನು ಮುಟ್ಟಿಯೇ ನೋಡದವರು ಬಹಳ. ಪೂರ್ತಿ ಮುಂದಕ್ಕೆ ತಿರುಗಿಸಿ, ಪರಿಚಿತ ಹಾಡೊಂದನ್ನು ಹಾಕಿ, ಒಂದೊಂದೇ ಅಂಕ ಹಿಂದಕ್ಕೆ ತನ್ನಿ. ಬೆನ್ನ ಹಿಂದೆ ಯಾರೋ ಹಾಡುತ್ತಿದ್ದಾರೆ ಎಂದು ಚಾಲಕನಿಗೆ ಅನಿಸಿದೊಡನೆ ಎರಡು ಅಂಕ ಮುಂದಕ್ಕೆ ಹೋಗಿ ನಿಲ್ಲಿ. ಬಳಿಕ ಚಾಲಕ ಇಳಿದು ಹಿಂದಿನ ಸೀಟಿನಲ್ಲಿ, ಮಗು ಕೂರುವ ಜಾಗದಲ್ಲೇ, ಐದು ನಿಮಿಷ ಕೂತು ಕೇಳಲಿ. ಕಾರು ಓಡುವಾಗ ಹಿಂದಿನಿಂದ ಅಜ್ಜಿ ಸಹಜ ದನಿಯಲ್ಲಿ “ಎಲ್ಲಿಗೆ ಬಂತು ಮಗಾ?” ಎಂದು ಕೇಳಿದ್ದು ಮುಂದಿನವರಿಗೆ ಕೇಳಿಸಬೇಕು. ಕೇಳಿಸದಿದ್ದರೆ ಸದ್ದು ಹೆಚ್ಚಾಯಿತೆಂದೇ ಲೆಕ್ಕ. ಮೊಬೈಲಿನಲ್ಲಿ ಸದ್ದಳೆಯುವ ಆ್ಯಪ್‌ಗಳಿವೆ, ಆದರೆ ಅವು ತೋರಿಸುವ ಅಂಕಿ ಅಂದಾಜಿನದು. ಅಜ್ಜಿಯ ದನಿಯೇ ವಾಸಿ. ಮಗು ಮಲಗಿದಾಗ ಫೇಡರನ್ನು ಪೂರ್ತಿ ಮುಂದಕ್ಕೆ ತಳ್ಳಿಬಿಟ್ಟರಾಯಿತು.

ಅಂಗಡಿಯಲ್ಲಿ ಇನ್ನೊಂದು ಮಾತು ಹೇಳುವುದನ್ನು ಮರೆಯಬೇಡಿ. ಕಂಪನಿಯ ವಯರನ್ನು ಕತ್ತರಿಸಿ ಜೋಡಿಸುವುದು ಬೇಡ, ನಿಮ್ಮ ಕಾರಿಗೆ ಹೊಂದುವ ಕಪ್ಲರ್ ಹಾಕಿಯೇ ಕೂರಿಸಲಿ. ಕತ್ತರಿಸಿದರೆ ನಾಳೆ ವಾರಂಟಿ ಕೇಳಲು ಹೋದಾಗ ತಕರಾರು ಬರಬಹುದು.

ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಿಗೆ ಪಾರ್ಸೆಲ್ ಟ್ರೇ ಮೇಲಿನ ಆರು ಬೈ ಒಂಬತ್ತು ಜೊತೆಗೇ ಬಂದಿರುತ್ತದೆ. ಸೆಡಾನ್ ಕಾರಾದರೆ ಟ್ರೇ ಕಾರಿನ ದೇಹಕ್ಕೇ ಸೇರಿರುತ್ತದೆ, ಸ್ಪೀಕರ್ ಅಲ್ಲೇ ಇರಲಿ, ಫೇಡರ್ ಮುಂದಕ್ಕಿಟ್ಟು ಬಳಸಬಹುದು. ಹಿಂಬಾಗಿಲು ಮೇಲಕ್ಕೆ ತೆರೆಯುವ ಸಣ್ಣ ಕಾರುಗಳ ಟ್ರೇ ಹಾಗಲ್ಲ. ಅದು ಎರಡು ಕೊಕ್ಕೆಗಳ ಮೇಲೆ ಕೂತ ಹಲಗೆ. ಬ್ರೇಕ್ ಬಲವಾಗಿ ಬಿದ್ದರೆ ಅಷ್ಟು ಭಾರದ ಅಯಸ್ಕಾಂತಗಳನ್ನು ಹೊತ್ತ ಹಲಗೆ ಮುಂದಕ್ಕೆ ಬರುವುದು ಮಕ್ಕಳ ತಲೆಯ ಮೇಲೆಯೇ. ಅಂಥ ಕಾರಾದರೆ ಸ್ಪೀಕರನ್ನು ಬಿಚ್ಚಿಸಿ, ಹಿಂದಿನ ಬಾಗಿಲಿಗೆ ಹೊಂದುವ ಸಣ್ಣ ಜೋಡಿ ಹಾಕಿಸಿಕೊಳ್ಳಿ. ಟ್ರೇಯಲ್ಲಿ ಉಳಿದ ತೂತುಗಳಿಗೆ ರಟ್ಟು ಅಂಟಿಸಿದರೆ ಸಾಕು.