ಗೋಡೆಯ ಮೇಲೆ ಸಿಲ್ಕ್... ತೆರೆಯ ಮೇಲೆ ವಿದ್ಯಾ!

ಮತ್ತೇರಿದ ಕಣ್ಣು, ಅರ್ಧ ಬಿರಿದ ತುಟಿ, ಎಣ್ಣೆಗಪ್ಪು ಮೈಬಣ್ಣದ ಆ ಮಿಂಚು... ಹೆಸರು ಬೇರೆ ಹೇಳಬೇಕೆ? ಸಿಲ್ಕ್ ಸ್ಮಿತಾ! ಎಂಬತ್ತರ ದಶಕದಲ್ಲಿ ದಾವಣಗೆರೆಯ ಪಿ.ಬಿ. ರಸ್ತೆಯ ಗೋಡೆಗಳ ಮೇಲೆ ಈಕೆ ಕಾಣದ ವಾರವೇ ಇರಲಿಲ್ಲ ಅಂದರೆ ಉತ್ಪ್ರೇಕ್ಷೆ ಅಲ್ಲ ಕಣ್ರೀ. ಅದು ಹತ್ತಿ ಗಿರಣಿಗಳ ಊರು. ಶಿಫ್ಟು ಮುಗಿಸಿ ಬಂದ ಕಾರ್ಮಿಕರು, ಕಾಲೇಜಿಗೆ ಚಕ್ಕರ್ ಹೊಡೆದ ಪಡ್ಡೆ ಹುಡುಗರು, ಮಂಡಕ್ಕಿ ಮೆಣಸಿನಕಾಯಿ ಪೊಟ್ಟಣ ಹಿಡಿದವರು, ಎಲ್ಲರೂ ಒಂದು ಗಳಿಗೆ ಅಲ್ಲಿ ನಿಂತೇ ಮುಂದೆ ಹೋಗಬೇಕು. ಅಶೋಕ ಟಾಕೀಸಿನ ಹತ್ತಿರ ರೈಲ್ವೆ ಗೇಟು ಬಿದ್ದಿದ್ದರಂತೂ ಕೇಳೋದೇ ಬೇಡ. ರೈಲು ಎಷ್ಟು ತಡವಾದರೂ ಯಾರಿಗೂ ಬೇಜಾರಿಲ್ಲ!

ಹರಿಹರದಲ್ಲೂ ಇದೇ ಕಥೆ. ಕಿರ್ಲೋಸ್ಕರ್ ಕಾರ್ಖಾನೆ ಆಗಿನ್ನೂ ಜೋರಾಗಿ ನಡೆಯುತ್ತಿತ್ತು. ಅಲ್ಲಿಯ ಹುಡುಗರು ಹದಿನಾಲ್ಕು ಕಿಲೋಮೀಟರು ಬಸ್ಸಿನಲ್ಲಿ ಜೋತಾಡಿಕೊಂಡು ದಾವಣಗೆರೆಗೆ ಸಿನಿಮಾಕ್ಕೆ ಬರೋರು. ನಾನೂ ಆ ಬಸ್ಸಿನಲ್ಲಿ ನಿಂತು ಬಂದವನೇ. ಕ್ಷೌರದಂಗಡಿಯಲ್ಲಿ ಒಂದು ಕಡೆ ದೇವರ ಕ್ಯಾಲೆಂಡರು, ಇನ್ನೊಂದು ಕಡೆ ಪತ್ರಿಕೆಯ ನಡುಪುಟದಿಂದ ಕಿತ್ತು ಅಂಟಿಸಿದ ಸಿಲ್ಕು. ಇಂಗ್ಲಿಷಿನವರು ಇಂಥ ಚಿತ್ರಕ್ಕೇ ‘ಪಿನ್-ಅಪ್’ ಅನ್ನೋದು. ಪಿನ್ನು ಚುಚ್ಚಿ ಗೋಡೆಗೆ ಏರಿಸಿದ ಹುಡುಗಿ! ಅವಳು ನೋಡುತ್ತಾಳೆ, ನಗುತ್ತಾಳೆ, ಮಾತು ಮಾತ್ರ ಆಡುವುದಿಲ್ಲ.

ಆ ಗೋಡೆಯ ಹುಡುಗಿಯ ಬಾಳೇ ಸಿನಿಮಾ ಆದರೆ ಹೇಗಿರುತ್ತೆ? ಅವಳಿಗೆ ಮಾತು ಬರುತ್ತದೆಯೇ?

2011ರ ಡಿಸೆಂಬರ್ 2ರಂದು ‘ದಿ ಡರ್ಟಿ ಪಿಕ್ಚರ್’ ಬಿಡುಗಡೆಯಾಯಿತು. ಅದು ಸಿಲ್ಕಿನ ಹುಟ್ಟಿದ ದಿನ. ಬದುಕಿದ್ದರೆ ಆವತ್ತಿಗೆ 51 ತುಂಬುತ್ತಿತ್ತು. ನಿರ್ಮಾಣ ಏಕ್ತಾ ಕಪೂರ್ ಬ್ಯಾನರಿನದು, ನಿರ್ದೇಶನ ಮಿಲನ್ ಲೂಥ್ರಿಯಾ ಅವರದು. ಸಿಲ್ಕಿನ ಪಾತ್ರಕ್ಕೆ ವಿದ್ಯಾ ಬಾಲನ್! ಮಡಿ ಹುಡುಗಿ, ಸೀರೆಯ ಹುಡುಗಿ ಎಂದು ಹೆಸರಾಗಿದ್ದ ವಿದ್ಯಾ ಈ ಪಾತ್ರಕ್ಕಾಗಿ ಮೈ ತೂಕ ಏರಿಸಿಕೊಂಡು, ಹೊಟ್ಟೆ ಮಡಿಕೆ ಕಾಣುವಂತೆ ಧೈರ್ಯವಾಗಿ ಕುಣಿದರು. ‘ಊ ಲಾಲಾ’ ಹಾಡಿಗೆ ಎದುರಿಗೆ ನಸೀರುದ್ದೀನ್ ಶಾ. ಶಿಳ್ಳೆಯೋ ಶಿಳ್ಳೆ! ರಾಷ್ಟ್ರಪ್ರಶಸ್ತಿಯೂ ವಿದ್ಯಾ ಪಾಲಾಯಿತು.

ಚಿತ್ರ ಬರುವ ಮೊದಲೇ ಜಗಳ ಬಂತು. ಸಿಲ್ಕಿನ ಮನೆಯವರು ನಮ್ಮನ್ನು ಕೇಳಲಿಲ್ಲ ಎಂದು ನೋಟಿಸು ಕೊಟ್ಟರು. ಇದು ಆಕೆಯೊಬ್ಬಳ ಕಥೆಯಲ್ಲ, ಆ ಕಾಲದ ಅನೇಕರ ಕಥೆ ಎಂದರು ಚಿತ್ರದವರು. ಆದರೆ ನಾಯಕಿಗೆ ಸಿಲ್ಕ್ ಎಂದೇ ಹೆಸರಿಟ್ಟು, ಆಕೆಯ ಹುಟ್ಟುಹಬ್ಬಕ್ಕೇ ಬಿಡುಗಡೆ ಮಾಡಿದ ಮೇಲೆ ಈ ಮಾತನ್ನು ಯಾರು ನಂಬ್ತಾರೆ ಸ್ವಾಮಿ?

ನಿಜವಾದ ಸಿಲ್ಕಿನ ಕಥೆ ಶುರುವಾಗೋದು ಆಂಧ್ರದ ಏಲೂರು ಕಡೆಯಿಂದ. ಹೆಸರು ವಿಜಯಲಕ್ಷ್ಮಿ. ಬಡತನ. ನಾಲ್ಕನೇ ಕ್ಲಾಸಿಗೇ ಓದು ನಿಂತಿತು. ಎಳೆ ವಯಸ್ಸಿಗೇ ಮದುವೆ, ಅದೂ ನಿಲ್ಲಲಿಲ್ಲ. ಮದ್ರಾಸಿಗೆ ಬಂದು ನಟಿಯೊಬ್ಬರಿಗೆ ಮೇಕಪ್ ಟಚ್‌ಅಪ್ ಮಾಡುವ ಕೆಲಸಕ್ಕೆ ನಿಂತಳು. ಆಕೆಯನ್ನು ಕಂಡು 1980ರ ‘ವಂಡಿಚಕ್ಕರಂ’ ತಮಿಳು ಚಿತ್ರದಲ್ಲಿ ಸಾರಾಯಿ ಅಂಗಡಿಯ ಸಿಲ್ಕ್ ಎಂಬ ಪಾತ್ರ ಕೊಡಿಸಿದವರು ವಿನು ಚಕ್ರವರ್ತಿ. ಇಲ್ಲೊಂದು ನಮ್ಮ ಕಡೆಯ ನಂಟಿದೆ, ಕೇಳಿ. ಈ ವಿನು ಚಕ್ರವರ್ತಿ ನಮ್ಮ ಪುಟ್ಟಣ್ಣ ಕಣಗಾಲ್ ಅವರ ಬಳಿ ಚಿತ್ರಕಥೆಯ ಕೆಲಸ ಮಾಡಿದವರು! ಹೆಣ್ಣಿನ ಮನಸ್ಸನ್ನು ತೆರೆಗೆ ತಂದ ಪುಟ್ಟಣ್ಣನವರ ಗರಡಿಯಿಂದ ಬಂದವರ ಕೈಯಲ್ಲಿ ಸಿಲ್ಕ್ ಹುಟ್ಟಿದ್ದು ವಿಚಿತ್ರವಲ್ಲವೇ?

ಪಾತ್ರದ ಹೆಸರು ಮೈಗಂಟಿತು. ಆಮೇಲೆ ಉಸಿರಾಡಲು ಪುರುಸೊತ್ತಿಲ್ಲ. ಮಾರಾಟವಾಗದೆ ಡಬ್ಬದಲ್ಲಿ ಕೂತ ಚಿತ್ರಕ್ಕೆ ಸಿಲ್ಕಿನದೊಂದು ಹಾಡು ಸೇರಿಸಿದರೆ ಹಂಚಿಕೆದಾರರು ಹುಡುಕಿಕೊಂಡು ಬರುತ್ತಿದ್ದರು. ಐದು ನಿಮಿಷದ ಹಾಡು, ಪೋಸ್ಟರಿನಲ್ಲಿ ಮಾತ್ರ ಹೀರೋಗಿಂತ ದೊಡ್ಡ ಚಿತ್ರ. ಐದು ಭಾಷೆಗಳಲ್ಲಿ 450ಕ್ಕೂ ಹೆಚ್ಚು ಚಿತ್ರ ಎಂದು ಲೆಕ್ಕ ಹೇಳುತ್ತಾರೆ. ಒಂದೇ ದಿನ ಎರಡು ಮೂರು ಸ್ಟುಡಿಯೋಗಳಲ್ಲಿ ಶೂಟಿಂಗು. ಗಿರಣಿ ಊರಿನವರಿಗೆ ಬೇರೆ ಹೇಳಬೇಕಿಲ್ಲ, ಶಿಫ್ಟಿನ ಮೇಲೆ ಶಿಫ್ಟು ಅಂದರೆ ಏನೂಂತ ಗೊತ್ತು. ಕನ್ನಡಕ್ಕೂ ಬಂದಳು. 1992ರಲ್ಲಿ ರವಿಚಂದ್ರನ್ ಅವರ ‘ಹಳ್ಳಿ ಮೇಷ್ಟ್ರು’ ಚಿತ್ರದಲ್ಲಿ ಸಿಲ್ಕು ತೆರೆಗೆ ಬಂದಾಗ ಗಾಂಧಿ ಕ್ಲಾಸಿನಲ್ಲಿ ಚಿಲ್ಲರೆ ತೂರಿದ್ದನ್ನು ನಾನೇ ಕಂಡಿದ್ದೇನೆ. ಪರದೆಯ ಮುಂದೆ ಬಿದ್ದ ನಾಲ್ಕಾಣೆ ಎಂಟಾಣೆ ಆರಿಸಿಕೊಂಡವರು ಬೇರೆ ಯಾರೋ!

ಆಕೆಗೆ ಏನು ಬೇಕಿತ್ತು ಎಂದು ಕೇಳಿದವರು ಕಡಿಮೆ. ಕೇಳಿದಾಗ ಉತ್ತರ ಕೊಟ್ಟಿದ್ದಳು. 1984ರ ಒಂದು ಸಂದರ್ಶನದಲ್ಲಿ, ತನಗೆ ಸಾವಿತ್ರಿ, ಸುಜಾತಾ, ಸರಿತಾ ಅವರ ಹಾಗೆ ಪಾತ್ರಪೋಷಕ ನಟಿಯಾಗುವ ಆಸೆಯಿತ್ತು ಎಂದಿದ್ದಳು. ನಮಗೆ ಅದೆಲ್ಲ ಎಲ್ಲಿ ಕೇಳಿಸುತ್ತೆ? ಅನೇಕ ಚಿತ್ರಗಳಲ್ಲಿ ಆಕೆಯ ದನಿಯೂ ಆಕೆಯದಲ್ಲ, ಡಬ್ಬಿಂಗ್ ಕಲಾವಿದೆಯದು. ಅಷ್ಟೊಂದು ವರ್ಷ ಆಕೆಯನ್ನು ನೋಡಿದೆವು, ಆಕೆಯ ಮಾತನ್ನು ಕೇಳಿಸಿಕೊಂಡಿದ್ದು ಎಷ್ಟು?

‘ಡರ್ಟಿ ಪಿಕ್ಚರ್’ ಆಕೆಗೆ ಮಾತು ಕೊಟ್ಟಿತು, ನಿಜ. ಒಂದೊಂದು ಡೈಲಾಗೂ ಪಟಾಕಿ. ಪ್ರಶಸ್ತಿ ಸಮಾರಂಭದಲ್ಲಿ ಗಂಡಸರ ಮುಖಕ್ಕೆ ಹೊಡೆದಂತೆ ಮಾತಾಡುವ ದೃಶ್ಯಕ್ಕೆ ನಾನೂ ಚಪ್ಪಾಳೆ ತಟ್ಟಿದವನೇ. ಆದರೆ ಒಂದು ದೂರಿದೆ. ಆ ಚಿತ್ರದಲ್ಲಿ ಆಕೆಯ ಬದುಕೆಂದರೆ ಒಬ್ಬ ಹೀರೋ, ಒಬ್ಬ ಕಥೆಗಾರ, ಒಬ್ಬ ನಿರ್ದೇಶಕ, ಈ ಮೂವರು ಗಂಡಸರು ಅಷ್ಟೇ. ಬಾಲು ಮಹೇಂದ್ರ ಅವರ ‘ಮೂನ್ರಾಂ ಪಿರೈ’ಯಲ್ಲಿ ನಟಿಸಿದ ಕಲಾವಿದೆ ಎಲ್ಲಿ? ಸ್ವಂತ ಚಿತ್ರ ನಿರ್ಮಾಣಕ್ಕೆ ಕೈ ಹಾಕಿ ಸೋತವಳ ಲೆಕ್ಕಪುಸ್ತಕ ಎಲ್ಲಿ? 1996ರ ಸೆಪ್ಟೆಂಬರ್ 23ರಂದು ಮದ್ರಾಸಿನ ಮನೆಯಲ್ಲಿ ಆಕೆ ಶವವಾಗಿ ಸಿಕ್ಕಾಗ 35 ವರ್ಷ. ಚಿತ್ರದ ಕೊನೆ ಕಣ್ಣಿಗೆ ಅಂದವಾಗಿದೆ, ಸಿಂಗಾರವಾಗಿದೆ. ಅಷ್ಟು ಅಂದ ನನಗೆ ಹಿಡಿಸಲಿಲ್ಲ.

ಈಗ ಇಂಥದ್ದೇ ಇನ್ನೊಂದು ಚಿತ್ರ. ದೂರದ ಅಮೆರಿಕದ್ದು. ಅಲ್ಲಿ 1950ರ ದಶಕದ ಗೋಡೆರಾಣಿ ಬೆಟ್ಟಿ ಪೇಜ್. ಹಣೆ ಮೇಲೆ ಕತ್ತರಿಸಿದ ಕರಿಗೂದಲು, ಬಾಯಿ ತುಂಬ ನಗು. 1955ರ ಜನವರಿಯ ‘ಪ್ಲೇಬಾಯ್’ ನಡುಪುಟಕ್ಕೆ ಈಕೆಯೇ. ಟೀಚರ್ ಆಗಲು ಓದಿದ್ದ, ಚರ್ಚಿಗೆ ನಡೆದುಕೊಳ್ಳುವ ಮನೆಯ ಹುಡುಗಿ ಸ್ವಾಮಿ! ಅರ್ಧ ಬೈಬಲ್ಲು, ಅರ್ಧ ಬಿಕಿನಿ. ಒಂದೇ ಮೂರ್ತಿಯಲ್ಲಿ ಹರಿಯನ್ನೂ ಹರನನ್ನೂ ಕಂಡ ಹರಿಹರದವರು ಇದಕ್ಕೆ ಬೆರಗಾಗಬೇಕಿಲ್ಲ. 2005ರಲ್ಲಿ ಮೇರಿ ಹ್ಯಾರನ್ ಎಂಬ ನಿರ್ದೇಶಕಿ ಈಕೆಯ ಮೇಲೆ ‘ದಿ ನಟೋರಿಯಸ್ ಬೆಟ್ಟಿ ಪೇಜ್’ ತೆಗೆದರು. ನಟಿ ಗ್ರೆಚನ್ ಮಾಲ್. ಬಹುಪಾಲು ಕಪ್ಪು ಬಿಳುಪು, ಮಯಾಮಿ ಕಡಲತೀರಕ್ಕೆ ಬಂದಾಗ ಮಾತ್ರ ಬಣ್ಣ.

ಅದರಲ್ಲಿ ಒಂದು ದೃಶ್ಯ ನನ್ನ ಎದೆಗೆ ನಾಟಿತು. 1955ರಲ್ಲಿ ಸೆನೆಟರ್ ಕೀಫಾವರ್ ಸಮಿತಿ ಇಂಥ ಚಿತ್ರಗಳಿಂದ ಹುಡುಗರು ಕೆಡುತ್ತಿದ್ದಾರೆ ಎಂದು ವಿಚಾರಣೆ ನಡೆಸಿತು. ಬೆಟ್ಟಿಯನ್ನು ಕರೆಸಿದರು. ಒಳ್ಳೆ ಬಟ್ಟೆ ಹಾಕಿಕೊಂಡು ಬಂದು ಹೊರಗೆ ಬೆಂಚಿನ ಮೇಲೆ ಕೂತಿದ್ದಾಳೆ. ಒಳಗೆ ಗಂಡಸರು ಅವಳ ಚಿತ್ರ ಹಿಡಿದುಕೊಂಡು ಮಾತಾಡುತ್ತಿದ್ದಾರೆ, ಮಾತಾಡುತ್ತಲೇ ಇದ್ದಾರೆ. ಕೊನೆಗೆ ಒಬ್ಬ ಬಂದು, ನೀವು ಬೇಕಿಲ್ಲ, ಹೋಗಬಹುದು ಅಂತಾನೆ. ಅಷ್ಟೇ! ಅಬ್ಬರವಿಲ್ಲ, ಹಿನ್ನೆಲೆಯಲ್ಲಿ ಪಿಟೀಲಿನ ಗೋಳಿಲ್ಲ. ವಿದ್ಯಾ ಬಾಲನ್ನರ ಭಾಷಣಕ್ಕಿಂತ ಈ ಬೆಂಚೇ ನನಗೆ ಹೆಚ್ಚು ಅನ್ನಿಸಿತು.

ಬೆಟ್ಟಿ ಆಮೇಲೆ ಎಲ್ಲ ಬಿಟ್ಟು ದೈವಭಕ್ತಿಗೆ ತಿರುಗಿದಳು. ಮುಂದೆ ಮನೋರೋಗ, ವರ್ಷಗಟ್ಟಲೆ ಆಸ್ಪತ್ರೆವಾಸ. ಅದನ್ನು ಚಿತ್ರ ತೋರಿಸುವುದಿಲ್ಲ. 1980ರ ದಶಕದಲ್ಲಿ ಅಮೆರಿಕದಲ್ಲಿ ಆಕೆಯ ಹಳೇ ಚಿತ್ರಗಳು ಮತ್ತೆ ಜೋರಾಗಿ ಮಾರಾಟವಾಗತೊಡಗಿದವು, ಆಕೆಗೆ ಸುದ್ದಿಯೂ ಇಲ್ಲ, ಪೈಸೆಯೂ ಇಲ್ಲ! ಹಕ್ಕಿನ ಹಣ ಕೈಸೇರಿದ್ದು ಮುದುಕಿಯಾದ ಮೇಲೆ. 2008ರ ಡಿಸೆಂಬರಿನಲ್ಲಿ, 85ನೇ ವಯಸ್ಸಿನಲ್ಲಿ ತೀರಿಕೊಂಡಳು.

ಇನ್ನೊಂದು ತಮಾಷೆ. ಬೆಟ್ಟಿ ಹುಟ್ಟಿದ್ದು ಏಪ್ರಿಲ್ 22ರಂದು. 2012ರ ಅದೇ ಏಪ್ರಿಲ್ 22ರ ಭಾನುವಾರ ‘ಡರ್ಟಿ ಪಿಕ್ಚರ್’ ಸೋನಿ ಟೀವಿಯಲ್ಲಿ ಬರಬೇಕಿತ್ತು. ರಾತ್ರಿ 11ರ ಮೇಲೆ ತೋರಿಸಿ ಎಂದಿತು ಸರ್ಕಾರ. ಪ್ರಸಾರ ರದ್ದು! ರಾಷ್ಟ್ರಪ್ರಶಸ್ತಿ ಕೊಟ್ಟಿದ್ದೂ ಅದೇ ಸರ್ಕಾರ ಅನ್ನೋದು ನೆನಪಿರಲಿ.

ದಾವಣಗೆರೆಯಲ್ಲಿ ಕೂತು ಇದನ್ನೆಲ್ಲ ಯೋಚಿಸುವಾಗ ಚಿಂದೋಡಿ ಲೀಲಾ ನೆನಪಾಗದೆ ಇರುವುದಿಲ್ಲ. ಇದೇ ಊರಿನ ಕಂಪನಿ ನಾಟಕದ ರಾಣಿ. ‘ಹಳ್ಳಿ ಹುಡುಗಿ’ ನಾಟಕಕ್ಕೆ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಲೀಲಮ್ಮನೂ ರಂಗದ ಮೇಲೆ ಕುಣಿದವರೇ, ಕಣ್ಣು ಹೊಡೆದವರೇ, ಶಿಳ್ಳೆ ಹಾಕಿಸಿಕೊಂಡವರೇ. ಆದರೆ ಕೆ.ಬಿ.ಆರ್. ಡ್ರಾಮಾ ಕಂಪನಿ ಅವರ ಮನೆಯದು. ನಾಟಕ ಯಾವುದು, ಪಾತ್ರ ಯಾವುದು ಎನ್ನುವುದರಲ್ಲಿ ಅವರ ಮಾತು ನಡೆಯುತ್ತಿತ್ತು, ಗಲ್ಲಾಪೆಟ್ಟಿಗೆಯೂ ಮನೆಯದೇ. 1988ರಲ್ಲಿ ಪದ್ಮಶ್ರೀ ಬಂತು. ಸಿಲ್ಕಿನ ಕುಣಿತಕ್ಕೂ ಇವರ ಕುಣಿತಕ್ಕೂ ದೂರ ಎಷ್ಟು? ಕುಣಿತದಲ್ಲಿ ಅಂಥ ದೂರವಿಲ್ಲ, ಗಲ್ಲಾಪೆಟ್ಟಿಗೆಯಲ್ಲಿದೆ!

ನಮ್ಮವರೂ ಸುಮ್ಮನೆ ಕೂರಲಿಲ್ಲ. 2013ರಲ್ಲಿ ಪಾಕಿಸ್ತಾನದ ವೀಣಾ ಮಲಿಕ್ಕಳನ್ನು ಕರೆತಂದು ‘ಸಿಲ್ಕ್ ಸಖತ್ ಮಗಾ’ ತೆಗೆದರು. ಹೆಸರಲ್ಲೇ ಗೊತ್ತಾಗುತ್ತೆ, ಗೋಡೆಯಿಂದ ಅವಳನ್ನು ಇಳಿಸುವ ಇರಾದೆ ಯಾರಿಗೂ ಇರಲಿಲ್ಲ. ಆಮೇಲೆ ಇಂದ್ರಜಿತ್ ಲಂಕೇಶ್ ಹಿಂದಿಗೆ ಹೋಗಿ ರಿಚಾ ಚಡ್ಡಾ ಅವರಿಂದ ‘ಶಕೀಲಾ’ ಮಾಡಿಸಿದರು. 2020ರ ಕ್ರಿಸ್‌ಮಸ್ ದಿನ, ಕೊರೋನಾ ಕಾಟದಲ್ಲಿ ಬಿಡುಗಡೆ. ಚಿತ್ರ ಅಷ್ಟಕ್ಕಷ್ಟೆ. ಆದರೆ ಶಕೀಲಾ ಬದುಕಿದ್ದರು, ಕೇಳಿದವರಿಗೆ ತಮ್ಮ ಕಥೆ ತಾವೇ ಹೇಳಿದರು. ಅದಕ್ಕೂ ಮೊದಲೇ ಮಲಯಾಳದಲ್ಲಿ ಆತ್ಮಕಥೆ ಬರೆದಿದ್ದರು. ಸಿಲ್ಕಿಗೆ ಆ ಅವಕಾಶವೇ ಸಿಗಲಿಲ್ಲ.

ಸಿಲ್ಕ್ ಅಭಿಮಾನಿಗಳು ಯಾರಾದರೂ ಇದ್ದರೆ 1981ರ ‘ಅಲೈಗಳ್ ಓಯ್ವದಿಲ್ಲೈ’ ಹುಡುಕಿ ನೋಡಿ. ಭಾರತಿರಾಜಾ ನಿರ್ದೇಶನ. ಅದರಲ್ಲಿ ಆಕೆ ತ್ಯಾಗರಾಜನ್ ಹೆಂಡತಿ, ಗಂಡನ ದ್ರೋಹ ಕಂಡು ಕುದಿಯುವ ಹೆಂಗಸು. ಸಿಲ್ಕ್ ಡ್ಯಾನ್ಸ್ ಯಾವಾಗ ಬರುತ್ತೆ ಅಂತ ಪಕ್ಕದವರನ್ನು ಕೇಳಬೇಡಿ. ಬರೋದಿಲ್ಲ.