ಸಣ್ಣ ಬೋರ್ ರೈಫಲ್‌ಗೆ ಜಡ ಗುಂಡು ಹಾಕಿದರೆ ಸಾಕಾ?

ಈ ವಾರದ ಮಾತಿನ ಬರಹರೂಪ ಇಲ್ಲಿದೆ. ವಿಷಯ ಸ್ವಲ್ಪ ಬೇರೆ: ಬಂದೂಕಿನ ಗುಂಡು.

ನಾನಿರೋದು ನಾಶಿಕ್‌ನಲ್ಲಿ. ಆಫೀಸಿನ ಗೆಳೆಯನೊಬ್ಬನ ಕಾಕಾ ಅವರ ಹೊಲ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಕನ್ನಡ್ ತಾಲ್ಲೂಕಿನಲ್ಲಿದೆ. ಹೌದು, ತಾಲ್ಲೂಕಿನ ಹೆಸರೇ ‘ಕನ್ನಡ್’! ಪಕ್ಕದಲ್ಲೇ ಗೌತಾಳಾ ಅಭಯಾರಣ್ಯ. ರಾತ್ರಿ ಕಾಡುಹಂದಿ ಹಿಂಡು ಮೆಕ್ಕೆಜೋಳಕ್ಕೆ ನುಗ್ಗುತ್ತೆ. ಕಾಕಾ ಅರಣ್ಯ ಇಲಾಖೆಯ ಲಿಖಿತ ಅನುಮತಿ ಪಡೆದು, ತಮ್ಮ ಲೈಸೆನ್ಸಿನ .22 ರೈಫಲ್‌ನಿಂದ ಒಂದು ಹಂದಿಗೆ ಹೊಡೆದರು. ತಗುಲಿತು, ಆದರೆ ಬೀಳಲಿಲ್ಲ. ಬೆಳಿಗ್ಗೆ ರಕ್ತದ ಜಾಡು ಹಿಡಿದು ಹೋದಾಗ ಅದು ಬೆಳೆಯೊಳಗಿಂದ ಎದುರಿಗೇ ನುಗ್ಗಿತು. ಜೊತೆಗಿದ್ದ ಆಳು ಬದುವಿನ ಮೇಲೆ ಹಾರಿ ಉಳಿದುಕೊಂಡ. ಎರಡು ದಿನದ ಮೇಲೆ ಹಂದಿ ಹಳ್ಳದಲ್ಲಿ ಸತ್ತು ಬಿದ್ದಿತ್ತು. ಎರಡು ದಿನ ನರಳಿದೆ ಅಂತ ಅರ್ಥ.

ಕಾಕಾ ನನ್ನನ್ನ ಕೇಳಿದ್ದು ಒಂದೇ: “ನೀನು ಇಂಜಿನಿಯರ್ ಅಲ್ಲವಾ, ಇದಕ್ಕೇ ಜಡ, ಅರಳುವ ಗುಂಡು ಹಾಕಿದರೆ ಸಾಕಾಗಲ್ವಾ?”

ಮೊದಲು ‘ಅರಳುವುದು’ ಅಂದರೇನು ನೋಡೋಣ. ಇಂಥ ಗುಂಡಿನ ಮೂತಿಯಲ್ಲಿ ಮೆತ್ತನೆ ಸೀಸ ತೆರೆದಿರುತ್ತೆ, ಇಲ್ಲವೇ ಸಣ್ಣ ಕುಳಿ ಇರುತ್ತೆ. ಮೈಗೆ ತಗುಲಿದಾಗ ಮೂತಿ ಅಣಬೆಯಂತೆ ಅಗಲವಾಗುತ್ತೆ. ಗಾಯ ಅಗಲವಾದಷ್ಟೂ ಪ್ರಾಣಿ ಬೇಗ ಬೀಳುತ್ತೆ, ಗುಂಡು ದೇಹ ದಾಟಿ ಪಕ್ಕದ ಹೊಲಕ್ಕೆ ಹೋಗುವ ಸಾಧ್ಯತೆಯೂ ಕಡಿಮೆ. ಇದರ ಪ್ರಸಿದ್ಧ ಉದಾಹರಣೆ ನಮ್ಮ ದೇಶದ್ದೇ. 1890ರ ದಶಕದಲ್ಲಿ ಕೋಲ್ಕತ್ತಾ ಹತ್ತಿರದ ದಮ್‌ದಮ್ ಕಾರ್ಖಾನೆಯಲ್ಲಿ .303 ಗುಂಡಿನ ಮೂತಿಯ ಕವಚ ತೆಗೆದು ‘ದಮ್‌ದಮ್’ ಗುಂಡು ಮಾಡಿದರು. 1899ರ ಹೇಗ್ ಘೋಷಣೆ ಇಂಥವನ್ನು ಯುದ್ಧದಲ್ಲಿ ನಿಷೇಧಿಸಿತು. ಆದರೆ ಬೇಟೆಯ ಲೆಕ್ಕ ಉಲ್ಟಾ. ಯುಕೆಯಲ್ಲಿರುವ ನಮ್ಮವರಿಗೆ ಗೊತ್ತಿರಬಹುದು, ಇಂಗ್ಲೆಂಡ್‌ನ 1991ರ ಜಿಂಕೆ ಕಾಯ್ದೆಯ ಪ್ರಕಾರ ಜಿಂಕೆಗೆ ರೈಫಲ್‌ನಲ್ಲಿ ಮೃದು ಅಥವಾ ಕುಳಿ ಮೂತಿಯ ಗುಂಡನ್ನೇ ಬಳಸಬೇಕು.

ಈಗ ತೂಕ. ಅರಳಿದ ಗುಂಡಿಗೆ ತಡೆ ಹೆಚ್ಚು, ಹಗುರವಾಗಿದ್ದರೆ ಚರ್ಮದ ಕೆಳಗೇ ನಿಂತುಬಿಡುತ್ತೆ. ಆಳಕ್ಕೆ ಹೋಗಲು ತೂಕ ಬೇಕು. ಲೆಕ್ಕ ಸುಲಭ: ಪೌಂಡ್‌ನಲ್ಲಿರುವ ತೂಕವನ್ನು ಇಂಚಿನಲ್ಲಿರುವ ವ್ಯಾಸದ ವರ್ಗದಿಂದ ಭಾಗಿಸಿ. ಮಾಮೂಲಿ .22ರ 40 ಗ್ರೇನ್ ಗುಂಡಿಗೆ (ಸುಮಾರು 2.6 ಗ್ರಾಂ) 0.115 ಬರುತ್ತೆ. ಹಳೆಯ .303ರ 215 ಗ್ರೇನ್‌ಗೆ ಸುಮಾರು 0.318, ಅಂದರೆ ಎರಡೂವರೆ ಪಟ್ಟಿಗೂ ಜಾಸ್ತಿ.

ಹಾಗಾದರೆ .22ರಲ್ಲೇ ಭಾರ ಹೆಚ್ಚಿಸಬಾರದಾ? ಇಲ್ಲೇ ಎರಡು ತೊಡಕು. ವ್ಯಾಸ ಅದೇ ಇದ್ದು ತೂಕ ಹೆಚ್ಚಾದರೆ ಗುಂಡು ಉದ್ದವಾಗುತ್ತೆ, ಉದ್ದ ಗುಂಡು ನೇರ ಹೋಗಲು ಜೋರಾಗಿ ತಿರುಗಬೇಕು. ಸಾಮಾನ್ಯ .22 ನಳಿಗೆಯ ತಿರುವು 16 ಇಂಚಿಗೆ ಒಂದು ಸುತ್ತು. ಅದರಲ್ಲಿ 60 ಗ್ರೇನ್ ಹಾಕಿದರೆ ಗುಂಡು ಬಹುಪಾಲು ಗಾಳಿಯಲ್ಲೇ ಪಲ್ಟಿ ಹೊಡೆಯುತ್ತೆ. ಎರಡನೆಯದು, ಮದ್ದು ಅಷ್ಟೇ, ಭಾರ ಜಾಸ್ತಿ, ವೇಗ ಇಳಿಯುತ್ತೆ. ವೇಗ ಇಳಿದರೆ ಅರಳುವುದೇ ಇಲ್ಲ. ಯಾವುದಕ್ಕೆ ಅಂತ ಜಡ ಗುಂಡು ತಂದಿರೋ ಅದೇ ಕೈಕೊಡುತ್ತೆ.

ನಮ್ಮ ಆರ್ಡ್‌ನನ್ಸ್ ಫ್ಯಾಕ್ಟರಿಯ .315 ರೈಫಲ್‌ನ ಗುಂಡು 244 ಗ್ರೇನ್, ಮೃದು ಮೂತಿ. ಅದರ ಶಕ್ತಿ .22ರ ಹತ್ತು ಪಟ್ಟಿಗೂ ಹೆಚ್ಚು. ಹಂದಿಯ ಭುಜದ ಮೂಳೆಗೆ ಬೇಕಾದದ್ದು ಅಂಥದ್ದು. ಹಾಗಾಗಿ ಗುಂಡು ಆರಿಸುವ ಮುಂಚೆ ನಳಿಗೆಯ ತಿರುವು, ವೇಗ, ಪ್ರಾಣಿಯ ಗಾತ್ರ ಮೂರನ್ನೂ ನೋಡಬೇಕು. ಹಾರ್ಡ್‌ವೇರ್ ತಾಳದ ಕಡೆ ಸಾಫ್ಟ್‌ವೇರ್ ಅಪ್‌ಡೇಟ್ ಹಾಕಿ ಪ್ರಯೋಜನವಿಲ್ಲ ಅಲ್ವಾ, ಹಾಗೆ.

ಕಾನೂನನ್ನೂ ಮರೆಯಬೇಡಿ. 1972ರ ವನ್ಯಜೀವಿ ಕಾಯ್ದೆಯಡಿ ಬೇಟೆ ನಿಷಿದ್ಧ. ಬೆಳೆ ಹಾಳು ಮಾಡುವ ಹಂದಿಗೂ 11ನೇ ಸೆಕ್ಷನ್ ಪ್ರಕಾರ ಅಧಿಕಾರಿಯ ಲಿಖಿತ ಆದೇಶ ಬೇಕೇ ಬೇಕು. ಕೊಡವರಿಗೆ ಬಂದೂಕಿನ ಲೈಸೆನ್ಸ್‌ನಿಂದ ವಿನಾಯಿತಿ ಇದೆಯಲ್ಲ, ಅದೂ ಬೇಟೆಗೆ ಅನುಮತಿ ಅಲ್ಲ.

ಕಾಕಾಗೆ ನಾನು ಹೇಳಿದ್ದು: .22 ಗುರಿ ಅಭ್ಯಾಸಕ್ಕಿರಲಿ. ಹಂದಿಗೆ ಮೊದಲು ಬೇಲಿ, ಬೆಳೆ ಹೋದರೆ ಪಂಚನಾಮೆ ಮಾಡಿಸಿ ಪರಿಹಾರ. ಹೊಡೆಯಲೇಬೇಕಾದರೆ ಅನುಮತಿ ಜೊತೆಗೆ ಸರಿಯಾದ ಬೋರ್. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು, “ಆ ಎರಡು ದಿನ ನನಗೂ ನಿದ್ದೆ ಬಂದಿಲ್ಲಪ್ಪಾ.”

ಮುಂದಿನ ವಾರ ಮತ್ತೆ ಸಿಗೋಣ.